ಚೀಟಿಯ ಮೇಲಿನ ‘ಸಿ 74’



ದವಾಖಾನೆಯಿಂದ ಬಂದ ಕಾಗದಗಳನ್ನು ನಾವು ಹೆಂಗಸರು ಏನು ಮಾಡುತ್ತೇವೆ ಹೇಳಿ? ಮಡಚಿ ಚೀಲಕ್ಕೆ ಹಾಕಿ ಟ್ರಂಕಿನ ತಳಕ್ಕೆ ಸೇರಿಸುತ್ತೇವೆ. ಇಂಗ್ಲಿಷಿನಲ್ಲಿದ್ದದ್ದು ನಮಗೇನು ತಿಳಿದೀತು ಅಂತ! ತಿಕೋಟಾದ ಸೋದರಿಯೊಬ್ಬರು ಹಾಗೆ ಮಾಡದೆ, ಅದನ್ನು ಓದಿ ನನಗೆ ಪತ್ರ ಬರೆದಿದ್ದಾರೆ. “ನಮ್ಮ ವೈನಿಗೆ ಅಡ್ರಿನಲ್ ಗ್ರಂಥಿಯ ಕ್ಯಾನ್ಸರ್ ಅಂತ ಹೇಳ್ಯಾರ. ಚೀಟಿ ಮ್ಯಾಲೆ ಸಿ 74 ಅಂತ ಬರದಾರ. ಇದು ಯಾವ ಗ್ರಂಥಿ, ಆ ನಂಬರ ಯಾತರದು?” ಎಂದು ಅವರ ಪ್ರಶ್ನೆ. ನಾನು ಎಸ್.ಎಸ್.ಎಲ್.ಸಿ. ಓದಿದವಳು, ಡಾಕ್ಟರಲ್ಲ. ಬಲ್ಲವರನ್ನು ಕೇಳಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಎರಡೂ ಕಿಡ್ನಿಗಳ ತಲೆಯ ಮೇಲೆ ಟೊಪ್ಪಿಗೆ ಇಟ್ಟಂತೆ ಒಂದೊಂದು ಪುಟ್ಟ ಗ್ರಂಥಿ ಇದೆ. ತೂಕ ನಾಲ್ಕೈದು ಗ್ರಾಂ ಅಷ್ಟೇ. ಇಂಡಿಯ ನಿಂಬೆಹಣ್ಣಿಗೆ ಸಿಪ್ಪೆ ಬೇರೆ, ತಿರುಳು ಬೇರೆ ಇದ್ದ ಹಾಗೆ ಇದಕ್ಕೂ ಎರಡು ಭಾಗ. ಹೊರಪದರದಿಂದ ಕಾರ್ಟಿಸಾಲ್, ಮೈಯೊಳಗಿನ ಉಪ್ಪುನೀರಿನ ಲೆಕ್ಕ ನೋಡುವ ಆಲ್ಡೋಸ್ಟಿರೋನ್, ಜೊತೆಗೆ ಸ್ವಲ್ಪ ಗಂಡು ಹಾರ್ಮೋನು ಹೊರಡುತ್ತವೆ. ಒಳತಿರುಳಿನಿಂದ ಅಡ್ರಿನಲಿನ್. ಹಾವು ಕಂಡಾಗ ಎದೆ ಡವಡವ ಎನ್ನುವುದು ಅದರಿಂದಲೇ.

ಹೊರಪದರದಲ್ಲಿ ಗಡ್ಡೆ ಬೆಳೆದು ಹಾರ್ಮೋನು ಹೆಚ್ಚಾದರೆ ಮಾರಿ ಚಂದ್ರನಂತೆ ದುಂಡಗಾಗುತ್ತದೆ, ಹೊಟ್ಟೆ ಬರುತ್ತದೆ, ಕೈಕಾಲು ಮಾತ್ರ ಸೊರಗುತ್ತವೆ. ಹೊಟ್ಟೆಯ ಮೇಲೆ ನೇರಳೆ ಬಣ್ಣದ ಗೆರೆ ಮೂಡುತ್ತವೆ. ಬಿ.ಪಿ., ಸಕ್ಕರೆ ಏರುತ್ತವೆ. ಮುಟ್ಟು ನಿಂತು, ಗಲ್ಲದ ಮೇಲೆ ಕೂದಲು ಬಂದು, ದನಿ ಗಡುಸಾದರಂತೂ ನಾಚಿಕೆಯಿಂದ ಸೆರಗು ಮುಚ್ಚಿಕೊಂಡು ಕೂಡಬೇಡಿ, ಡಾಕ್ಟರಿಗೆ ತೋರಿಸಿ. ಒಳತಿರುಳಿನ ಗಡ್ಡೆಯಾದರೆ ಒಮ್ಮೊಮ್ಮೆ ತಲೆನೋವು, ಬೆವರು, ಎದೆ ಬಡಿತ ಒಟ್ಟಿಗೇ ಬಂದು ಹೋಗುತ್ತವೆ. ಮುಟ್ಟು ನಿಲ್ಲುವ ವಯಸ್ಸಿನ ತೊಂದರೆ ಎಂದು ನಾವು ಸುಮ್ಮನಿದ್ದುಬಿಡುತ್ತೇವೆ.

ಆದರೆ ಹೆದರಿಕೊಳ್ಳಬೇಡಿ. ಈ ಗ್ರಂಥಿಯ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಹೊರಪದರದ ಕ್ಯಾನ್ಸರ್ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬಂದರೆ ಹೆಚ್ಚು. ಮಾರಿ ದುಂಡಗಾಗಲು ಬೇರೆ ಕಾರಣವೂ ಉಂಟು. ಮಂಡಿನೋವಿಗೆ, ದಮ್ಮಿಗೆ ಅಂತ ಬಹಳ ದಿನ ನುಂಗಿದ ಸ್ಟೀರಾಯ್ಡ್ ಗುಳಿಗೆ! ಹೆಸರಿಲ್ಲದ ಪುಡಿ ಪೊಟ್ಟಣಗಳಲ್ಲೂ ಅದನ್ನು ಬೆರೆಸುವವರಿದ್ದಾರೆ. ನುಂಗಿದ್ದನ್ನೆಲ್ಲಾ ಡಾಕ್ಟರ ಮುಂದೆ ಹೇಳಿಬಿಡಿ.

ತಪಾಸಣೆಯಲ್ಲಿ ರಕ್ತ ನೋಡುತ್ತಾರೆ, 24 ತಾಸಿನ ಮೂತ್ರ ಹಿಡಿದಿಡಲು ಹೇಳುತ್ತಾರೆ (ನಡುವೆ ಒಂದು ಸಲವೂ ಚೆಲ್ಲಬಾರದು), ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. “ಸೂಜಿ ಚುಚ್ಚಿ ಯಾಕ ನೋಡವಲ್ರು?” ಎಂದು ಸಿಟ್ಟಾಗಬೇಡಿ. ಒಳತಿರುಳಿನ ಗಡ್ಡೆಗೆ ತಿಳಿಯದೆ ಸೂಜಿ ಹಾಕಿದರೆ ಬಿ.ಪಿ. ಒಮ್ಮೆಲೇ ಏರಿ ಜೀವಕ್ಕೇ ಅಪಾಯ.

ಇನ್ನು ನಂಬರಿನ ವಿಷಯ. ಜಗತ್ತಿನ ರೋಗಗಳಿಗೆಲ್ಲಾ ವಿಶ್ವ ಆರೋಗ್ಯ ಸಂಸ್ಥೆ ಒಂದೊಂದು ಸಂಕೇತ ಕೊಟ್ಟಿದೆ. ಇದರ ಹತ್ತನೆಯ ಪಟ್ಟಿಗೆ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಸಿ 74 ಎಂದರೆ ಅಡ್ರಿನಲ್ ಗ್ರಂಥಿಯಲ್ಲೇ ಹುಟ್ಟಿದ ಕ್ಯಾನ್ಸರ್. ಮುಂದೆ ಚುಕ್ಕೆ ಇಟ್ಟು 0 ಬರೆದರೆ ಹೊರಪದರ, 1 ಬರೆದರೆ ಒಳತಿರುಳು, 9 ಬರೆದರೆ ಯಾವ ಭಾಗವೆಂದು ನಮೂದಿಸಿಲ್ಲ ಎಂದರ್ಥ. ಡಿ 35.0 ಕಂಡರೆ ಸಮಾಧಾನಪಡಿ, ಅದು ಕ್ಯಾನ್ಸರ್ ಅಲ್ಲದ ಗಡ್ಡೆ. ಡಿ 44.1 ಎಂದರೆ ಗಡ್ಡೆಯ ಗುಣ ಇಂಥದ್ದೇ ಎಂದು ಹೇಳಲಾಗದು. ಸಿ 79.7 ಎಂದರೆ ಪುಪ್ಪುಸ, ಸ್ತನ ಮುಂತಾದ ಬೇರೆ ಕಡೆ ಹುಟ್ಟಿ ಇಲ್ಲಿಗೆ ಹಬ್ಬಿದ ಕ್ಯಾನ್ಸರ್.

ಒಂದಂಕಿ ಆಚೀಚೆಯಾದರೆ ಏನಾಗುತ್ತದೆ ಕೇಳಿ. ಬಬಲೇಶ್ವರದ ಕಡೆ ನಮ್ಮ ಸಂಬಂಧದ ಹೆಣ್ಣುಮಗಳಿಗೆ ಆಪರೇಶನ್ ಆದ ಮೇಲೆ ಒಂದು ದವಾಖಾನೆಯವರು ಬಿಡುಗಡೆ ಚೀಟಿಯಲ್ಲಿ ಸಿ 79.7 ಎಂದು ಟೈಪು ಮಾಡಿ ಕಳಿಸಿದರು. ಮುಂದಿನ ದವಾಖಾನೆಯಲ್ಲಿ “ಮೂಲ ಗಡ್ಡೆ ಎಲ್ಲಿ?” ಎಂದು ಮತ್ತೆ ತಪಾಸಣೆಗಳನ್ನು ಬರೆದುಕೊಟ್ಟರು. ಮನೆಯವರೋ “ಎಲ್ಲಾ ಕಡೆ ಹಬ್ಬೇತಿ, ಇನ್ನೇನೈತಿ” ಎಂದು ಕೈಚೆಲ್ಲಿದ್ದರು. ಕೊನೆಗೆ ಗಡ್ಡೆಯ ಪರೀಕ್ಷೆಯ ವರದಿ ತೆಗೆದು ನೋಡಿದರೆ, ಗಡ್ಡೆ ಅಡ್ರಿನಲ್ ಹೊರಪದರದ್ದೇ ಎಂದು ಸ್ಪಷ್ಟವಾಗಿತ್ತು. ಬರೆಯಬೇಕಾಗಿದ್ದದ್ದು ಸಿ 74.0! ತಿದ್ದಿಸುವುದರೊಳಗೆ ಹದಿನೈದು ದಿನ ಹೋದವು.

ಆದ್ದರಿಂದ ತಿಕೋಟಾದ ತಂಗೀ, ಆ ವರದಿಯನ್ನೂ ಚೀಟಿಯನ್ನೂ ಎದುರುಬದುರು ಇಟ್ಟು “ಎರಡೂ ಒಂದೇ ಹೇಳ್ತಾವೇನ್ರಿ?” ಎಂದು ಡಾಕ್ಟರನ್ನೇ ಕೇಳಿ. ಆಯುಷ್ಮಾನ್ ಕಾರ್ಡಿನಲ್ಲಿ ಬರುವ ಪ್ಯಾಕೇಜಿನ ನಂಬರ ಬೇರೆ, ಈ ರೋಗದ ನಂಬರ ಬೇರೆ. ಗೊಂದಲ ಮಾಡಿಕೊಳ್ಳಬೇಡಿ. ವಿಜಯಪುರದ ಬಿ.ಎಲ್.ಡಿ.ಇ. ಆಸ್ಪತ್ರೆ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ, ಎಲ್ಲಿಗೇ ಹೋಗಿ, ಹಳೆಯ ಕಾಗದಗಳೆಲ್ಲಾ ಜೊತೆಗಿರಲಿ. ಕಿದ್ವಾಯಿಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಲೆಕ್ಕ ಇಡುತ್ತಿದ್ದಾರೆ. ಇಂಥ ಲೆಕ್ಕವೂ ನಡೆಯುವುದು ಈ ಸಂಕೇತಗಳ ಮೇಲೆಯೇ.

ಗಡ್ಡೆ ತೆಗೆದ ಮೇಲೆ ವೈನಿಗೆ ಕಾರ್ಟಿಸೋನ್ ಗುಳಿಗೆ ಕೊಟ್ಟಿದ್ದರೆ, ಹುಷಾರಾದರೆಂದು ನೀವಾಗಿಯೇ ನಿಲ್ಲಿಸಬೇಡಿ. ಉಳಿದ ಗ್ರಂಥಿ ಎಚ್ಚರಗೊಳ್ಳಲು ತಿಂಗಳುಗಳೇ ಬೇಕು. “ಮಕ್ಕಳಿಗೂ ಬರತೈತೇನು?” ಎಂದು ಪತ್ರದ ಕೊನೆಗೆ ಕೇಳಿದ್ದೀರಿ. ಎಲ್ಲರ ಮನೆಯಲ್ಲೂ ಹಾಗಾಗುವುದಿಲ್ಲ. ಆದರೆ ಕೆಲವು ಮನೆತನಗಳಲ್ಲಿ ಇದು ವಂಶದಿಂದ ಬರುವುದುಂಟು. ತವರಿನಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಆಗಿತ್ತು, ಯಾವ ವಯಸ್ಸಿಗೆ ಎಂದು ವೈನಿಯನ್ನೇ ಕೇಳಿ ಬರೆದುಕೊಂಡು ಹೋಗಿ. ಡಾಕ್ಟರು ಅದನ್ನು ಕೇಳಿಯೇ ಕೇಳುತ್ತಾರೆ.