ಮನೆವಾರ್ತೆ: ತೆಳುವಾದ ಫೋನಿನ ಬಾಳಿಕೆ

ಪಾತ್ರೆಯ ಅಂಗಡಿಗೆ ಹೋದ ಗೃಹಿಣಿಯು ಒಂದು ಬೋಗುಣಿಯನ್ನು ಕೈಗೆತ್ತಿಕೊಂಡಳೆಂದರೆ ಮೊದಲು ಅದರ ತೂಕವನ್ನು ನೋಡುತ್ತಾಳೆ. ಆ ಮೇಲೆ ಕಂಠವನ್ನು ಹೆಬ್ಬೆರಳಿನಿಂದ ಒತ್ತಿ ತಗಡು ಎಷ್ಟು ದಪ್ಪವೆಂದು ಪರೀಕ್ಷಿಸುತ್ತಾಳೆ. ತಗಡು ತೆಳುವಾಗಿದ್ದರೆ, ಹೊಳಪು ಎಷ್ಟೇ ಇರಲಿ, ಇದು ಬಾಳಿಕೆ ಬಾರದೆಂದು ಪಕ್ಕಕ್ಕಿಟ್ಟುಬಿಡುತ್ತಾಳೆ. ಅದೇ ಗೃಹಿಣಿಯಾಗಲಿ, ಆಕೆಯ ಯಜಮಾನರಾಗಲಿ, ಪಾತ್ರೆಯ ಬೆಲೆಗೆ ನೂರು ಪಾಲು ಹಣವನ್ನು ಕೊಟ್ಟು ಫೋನು ಕೊಳ್ಳಹೋದಾಗ ಈ ವಿವೇಕವು ಅಂಗಡಿಯ ಹೊಸ್ತಿಲಲ್ಲಿಯೇ ನಿಂತುಬಿಡುತ್ತದೆ. ಅಲ್ಲಿ ಅಗಲವಾದುದೇ ಮೇಲು, ತೆಳುವಾದುದೇ ಮೇಲು. ಮಾರುವವನು ಹಾಗೆಂದು ಹೇಳುತ್ತಾನೆ, ಕೊಳ್ಳುವವರು ಹೌದೆನ್ನುತ್ತಾರೆ.

ಈಗಿನ ಕಾಲದಲ್ಲಿ ಫೋನೆಂಬುದು ಮಾತನಾಡುವ ಯಂತ್ರ ಮಾತ್ರವಾಗಿ ಉಳಿದಿಲ್ಲ. ಹಾಲಿನವನ ಲೆಕ್ಕ, ಗ್ಯಾಸಿನ ಬುಕಿಂಗು, ಬ್ಯಾಂಕಿನ ಓಟಿಪಿ, ಮಗುವಿನ ಶಾಲೆಯ ಸೂಚನೆ, ದೂರದೇಶದಲ್ಲಿರುವ ಮಗಳ ಮುಖ, ಇವಿಷ್ಟೂ ಒಂದು ಗಾಜಿನ ಹಲಗೆಯಲ್ಲಿ ಅಡಗಿವೆ. ಅದು ಒಂದು ದಿನ ಕೆಟ್ಟು ಕುಳಿತರೆ ಮನೆಯ ವ್ಯವಹಾರವು ಅರ್ಧಕ್ಕೆ ನಿಲ್ಲುತ್ತದೆ. ಆದಕಾರಣ ಅದರ ಬಾಳಿಕೆಯ ವಿಷಯವಾಗಿ ಈ ತಿಂಗಳು ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದು.

ಮೊದಲು ನಡೆದ ಸಂಗತಿಯೊಂದನ್ನು ಹೇಳುತ್ತೇವೆ. 2014ನೆಯ ಇಸವಿ ಸೆಪ್ಟೆಂಬರು ತಿಂಗಳಲ್ಲಿ ಅಮೆರಿಕದ ಆಪಲ್ ಸಂಸ್ಥೆಯವರು ಐಫೋನ್ 6 ಮತ್ತು ಐಫೋನ್ 6 ಪ್ಲಸ್ ಎಂಬ ಎರಡು ಫೋನುಗಳನ್ನು ಮಾರಾಟಕ್ಕೆ ತಂದರು. ಇವುಗಳಲ್ಲಿ ದೊಡ್ಡದಾದ 6 ಪ್ಲಸ್ಸಿನ ಪರದೆಯು 5.5 ಅಂಗುಲ, ದಪ್ಪವು 7.1 ಮಿಲಿಮೀಟರು. ಅದಕ್ಕೆ ಹಿಂದಿನ ವರ್ಷದ 5ಎಸ್ ಎಂಬುದರ ಪರದೆ 4 ಅಂಗುಲ, ದಪ್ಪ 7.6 ಮಿಲಿಮೀಟರು ಇದ್ದಿತು. ಎಂದರೆ ಉದ್ದಗಲಗಳು ಬೆಳೆದವು, ದಪ್ಪವು ಇಳಿಯಿತು. ಮೂರು ದಿನಗಳಲ್ಲಿ 1 ಕೋಟಿಗೂ ಹೆಚ್ಚು ಫೋನುಗಳು ಖರ್ಚಾದವು. ವಾರ ತುಂಬುವುದರೊಳಗಾಗಿಯೇ ಕೆಲವರು, ಷರಾಯಿಯ ಜೇಬಿನಲ್ಲಿಟ್ಟಿದ್ದ ತಮ್ಮ ಫೋನು ಬಾಗಿದೆಯೆಂದು ಚಿತ್ರಸಹಿತವಾಗಿ ದೂರಿದರು. ಬಾಗಿದ ಸ್ಥಳವಾದರೂ ಬಹುಮಟ್ಟಿಗೆ ಒಂದೇ: ಧ್ವನಿಯ ಗುಂಡಿಗಳಿಗಾಗಿ ಚೌಕಟ್ಟಿನಲ್ಲಿ ತೂತು ಕೊರೆದಿದ್ದ ಜಾಗ. ದೂರು ತಂದವರು ಒಂಬತ್ತು ಮಂದಿ ಮಾತ್ರವೆಂದು ಸಂಸ್ಥೆಯವರು ಉತ್ತರವಿತ್ತರು.

ಆಗ ಆ ದೇಶದ ಗ್ರಾಹಕರ ಪತ್ರಿಕೆಯಾದ ಕನ್ಸ್ಯೂಮರ್ ರಿಪೋರ್ಟ್ಸ್‌ನವರು ಫೋನುಗಳ ಎರಡು ತುದಿಗಳಿಗೆ ಆಧಾರ ಕೊಟ್ಟು ನಡುವೆ ಯಂತ್ರದಿಂದ ಒತ್ತಿ ನೋಡಿದರು. 6 ಪ್ಲಸ್ ಫೋನು 90 ಪೌಂಡು, ಅಂದರೆ ಸುಮಾರು 41 ಕಿಲೋ ಭಾರಕ್ಕೆ ಬಾಗತೊಡಗಿತು; ಐಫೋನ್ 6 ಎಂಬುದು 70 ಪೌಂಡಿಗೇ ಬಾಗಿತು. ಹಳೆಯ ಐಫೋನ್ 5 ಮಾತ್ರ 130 ಪೌಂಡಿನವರೆಗೂ, ಸ್ಯಾಮ್‌ಸಂಗಿನವರ ಗ್ಯಾಲಕ್ಸಿ ನೋಟ್ 3 ಎಂಬುದು 150 ಪೌಂಡಿನವರೆಗೂ ತಡೆದುಕೊಂಡವು. ಜನರು ಭಾವಿಸಿದಷ್ಟು ದುರ್ಬಲವಲ್ಲವೆಂದೇ ಆ ಪತ್ರಿಕೆಯ ತೀರ್ಮಾನ. ಅದು ನ್ಯಾಯವಾದ ಮಾತೇ. ಆದರೂ ಫೋನನ್ನು ಹಿಂದಿನ ಜೇಬಿನಲ್ಲಿಟ್ಟುಕೊಂಡು ಬಸ್ಸಿನ ಆಸನದ ಮೇಲೆ ದೊಪ್ಪನೆ ಕೂರುವ ಮನುಷ್ಯನ ಮೈಭಾರದ ಮುಂದೆ 41 ಕಿಲೋ ಎಂಬುದು ದೊಡ್ಡ ಲೆಕ್ಕವಲ್ಲ.

ಕಥೆಯು ಇಲ್ಲಿಗೆ ಮುಗಿದಿದ್ದರೆ ನಾವು ಇದನ್ನು ಎತ್ತುತ್ತಿರಲಿಲ್ಲ. ಕಣ್ಣಿಗೆ ಕಾಣುವಂತೆ ಬಾಗಿದ ಫೋನುಗಳು ಕೆಲವೇ. ಕಾಣದಂತೆ ಕೆಟ್ಟವುಗಳ ವಿಷಯವೇ ಬೇರೆ. ಒಂದೆರಡು ವರ್ಷ ಬಳಸಿದ 6 ಪ್ಲಸ್ ಫೋನುಗಳಲ್ಲಿ ಪರದೆಯ ಮೇಲುಭಾಗದಲ್ಲಿ ಬೂದುಬಣ್ಣದ ಪಟ್ಟಿಯೊಂದು ಮಿನುಗತೊಡಗಿತು. ಕೆಲವು ದಿನಗಳಲ್ಲಿ ಪರದೆಯು ಬೆರಳಿನ ಸ್ಪರ್ಶಕ್ಕೆ ಉತ್ತರ ಕೊಡುವುದನ್ನೇ ನಿಲ್ಲಿಸಿತು. ಪರದೆಯನ್ನು ಬದಲಿಸಿದರೂ ಗುಣವಾಗಲಿಲ್ಲ. ಒಳಗಿನ ಹಲಗೆಯ ಮೇಲೆ ಸ್ಪರ್ಶವನ್ನು ಗ್ರಹಿಸುವ ಚಿಪ್ಪುಗಳನ್ನು ಕೂರಿಸಿದ್ದ ಸಾಸುವೆಗಿಂತ ಸಣ್ಣ ಬೆಸುಗೆಗಳು, ಹಲಗೆಯು ದಿನದಿನವೂ ಸ್ವಲ್ಪ ಸ್ವಲ್ಪ ಬಾಗಿ ನೆಟ್ಟಗಾದುದರಿಂದ, ಬಿರುಕು ಬಿಟ್ಟಿದ್ದವು. 2016ರ ನವೆಂಬರಿನಲ್ಲಿ ಸಂಸ್ಥೆಯವರು, ಇದು ಫೋನನ್ನು ಗಟ್ಟಿ ನೆಲದ ಮೇಲೆ ಹಲವು ಸಲ ಬೀಳಿಸಿದುದರ ಫಲವೆಂದು ಹೇಳಿ, 149 ಡಾಲರು ಕೊಟ್ಟರೆ ಸರಿಮಾಡಿಕೊಡುವುದಾಗಿ ಪ್ರಕಟಿಸಿದರು. ಬಳಸಿದವರದೇ ತಪ್ಪೆಂದಾಯಿತಲ್ಲವೆ? ಆದರೆ ವ್ಯಾಜ್ಯವು ಕೋರ್ಟಿಗೆ ಹೋಗಿ, 2018ರಲ್ಲಿ ಕೆಲವು ಕಾಗದಗಳು ಬಹಿರಂಗವಾದುವು. ಮಾರಾಟಕ್ಕೆ ಮೊದಲೇ ಸಂಸ್ಥೆಯವರು ಮಾಡಿಕೊಂಡಿದ್ದ ಪರೀಕ್ಷೆಯಲ್ಲಿ, 5ಎಸ್ ಫೋನಿಗಿಂತ ಐಫೋನ್ 6 ಎಂಬುದು 3.3 ಪಾಲು, 6 ಪ್ಲಸ್ ಎಂಬುದು 7.2 ಪಾಲು ಹೆಚ್ಚಾಗಿ ಬಾಗುವ ಸಂಭವವುಳ್ಳವೆಂದು ಕಂಡುಬಂದಿದ್ದಿತು. 149 ಡಾಲರು ತೆತ್ತವರಿಗೆ ಈ ಸಂಗತಿಯು ತಿಳಿದುದು ಹಣ ಕೊಟ್ಟು ಒಂದೂವರೆ ವರ್ಷವಾದ ಮೇಲೆ.

ತೆಳುವಾದುದು ಇಷ್ಟು ಬೇಗ ಬಲಗುಂದುವುದೇಕೆಂದು ತಿಳಿಯಬೇಕಾದರೆ ಮಗುವಿನ ಶಾಲೆಯ ಚೀಲದಿಂದ ಮರದ ಅಡಿಕೋಲನ್ನು ತೆಗೆದುಕೊಳ್ಳಿರಿ. ಚಪ್ಪಟೆಯಾಗಿ ಹಿಡಿದು ಒತ್ತಿದರೆ ಬಾಗುತ್ತದೆ. ಅಂಚು ಮೇಲಾಗಿ ಹಿಡಿದು ಒತ್ತಿದರೆ ಜಪ್ಪಯ್ಯ ಎಂದರೂ ಬಾಗದು. ಮರವೂ ಅದೇ, ಉದ್ದವೂ ಅದೇ. ಒತ್ತುವ ದಿಕ್ಕಿನಲ್ಲಿ ದಪ್ಪ ಮಾತ್ರ ಬೇರೆ. ಶಿಲ್ಪಶಾಸ್ತ್ರದ ಲೆಕ್ಕದಂತೆ, ಒಂದೇ ವಸ್ತುವಿನ ಹಲಗೆಯ ದಪ್ಪವು ಅರ್ಧವಾದರೆ ಅದರ ಬಿಗಿಯು ಅರ್ಧವಾಗುವುದಿಲ್ಲ, ಎಂಟರಲ್ಲೊಂದು ಪಾಲಾಗುತ್ತದೆ. ದಪ್ಪದಲ್ಲಿ ಐದರಲ್ಲೊಂದು ಪಾಲನ್ನು ಕಳೆದರೆ ಬಿಗಿಯಲ್ಲಿ ಹೆಚ್ಚುಕಡಿಮೆ ಅರ್ಧವೇ ಹೋಯಿತು. ಅದರ ಮೇಲೆ ಹಲಗೆಯು ಉದ್ದವಾದಷ್ಟೂ ಒತ್ತುವ ಕೈಗೆ ಸನ್ನೆಗೋಲಿನ ಬಲವು ಹೆಚ್ಚಾಗಿ ಒದಗುತ್ತದೆ. ದೊಡ್ಡದಾಗಿಯೂ ತೆಳುವಾಗಿಯೂ ಮಾಡಿದ ಫೋನಿಗೆ ಎರಡು ಕಡೆಯಿಂದಲೂ ನಷ್ಟ.

ತಯಾರಕರು ಪಾಠ ಕಲಿಯಲಿಲ್ಲವೆಂದು ಹೇಳಲಾಗದು. 2015ರ 6ಎಸ್ ಪ್ಲಸ್ ಫೋನಿಗೆ ಹೆಚ್ಚು ಗಟ್ಟಿಯಾದ ಅಲ್ಯೂಮಿನಿಯಂ ಮಿಶ್ರಲೋಹವನ್ನು ಹಾಕಿ, ದಪ್ಪವನ್ನು 7.3 ಮಿಲಿಮೀಟರಿಗೆ ಏರಿಸಿದರು. 2025ರಲ್ಲಿ ಬಂದ ಐಫೋನ್ ಏರ್ ಕೇವಲ 5.6 ಮಿಲಿಮೀಟರು ದಪ್ಪ, ಗ್ಯಾಲಕ್ಸಿ ಎಸ್25 ಎಡ್ಜ್ 5.8, ಎರಡಕ್ಕೂ ಟೈಟಾನಿಯಂ ಚೌಕಟ್ಟು. ಅಲ್ಯೂಮಿನಿಯಮ್ಮಿಗಿಂತ ಇದು ಬಹಳ ಗಟ್ಟಿ. ಆದುದರಿಂದ ತೆಳುವೆಂದ ಮಾತ್ರಕ್ಕೆ ಬಾಗಿಯೇ ಬಾಗುವುದೆಂಬ ಹಳೆಯ ಭಯವನ್ನು ಹಾಗೆಯೇ ಹೊತ್ತುಕೊಂಡಿರಬೇಕಾಗಿಲ್ಲ. ಆದರೆ ತೆಳುವಿನ ಬೆಲೆಯನ್ನು ಬೇರೊಂದು ಕಡೆ ತೆರಲೇಬೇಕು, ಅದು ಬ್ಯಾಟರಿಯಲ್ಲಿ. ಅದೇ ವರ್ಷದ, ಅಷ್ಟೇ ಅಗಲದ, ಎಂದರೆ 6.7 ಅಂಗುಲದ ಗ್ಯಾಲಕ್ಸಿ ಎಸ್25 ಪ್ಲಸ್ ಎಂಬ ಫೋನು 7.3 ಮಿಲಿಮೀಟರು ದಪ್ಪವಿದ್ದು 4,900 ಎಂಎಎಚ್ ಬ್ಯಾಟರಿಯನ್ನು ಹೊಂದಿದೆ; ಎಡ್ಜ್ ಫೋನಿನಲ್ಲಿರುವುದು 3,900. ಒಂದೂವರೆ ಮಿಲಿಮೀಟರನ್ನು ಉಳಿಸಿ ಸಾವಿರವನ್ನು ಕಳೆದುಕೊಂಡಂತಾಯಿತು. ದಪ್ಪನೆಯ ಫೋನನ್ನು ನಾಲ್ಕು ಸಲ ಚಾರ್ಜು ಮಾಡುವ ಕಡೆ, ಅಷ್ಟೇ ಕೆಲಸಕ್ಕೆ ಇದನ್ನು ಐದು ಸಲ ಮಾಡಬೇಕಾಗುತ್ತದೆ. ಲಿಥಿಯಂ ಬ್ಯಾಟರಿಯ ಆಯುಸ್ಸನ್ನು ಎಣಿಸುವುದು ವರ್ಷಗಳಿಂದ ಮಾತ್ರವಲ್ಲ, ಚಾರ್ಜಿನ ಸರದಿಗಳಿಂದಲೂ. ಹೀಗಾಗಿ ಚಿಕ್ಕ ಬ್ಯಾಟರಿಯು ಬೇಗನೆ ಮುದಿಯಾಗುತ್ತದೆ. ಸಾಲದುದಕ್ಕೆ, ಅಂಗಡಿಯಿಂದ ಹೊರಬೀಳುವ ಮೊದಲೇ ಕೊಂಡವರು ಆ ತೆಳು ಫೋನಿಗೆ ದಪ್ಪನೆಯ ರಬ್ಬರಿನ ಕವರೊಂದನ್ನು ತೊಡಿಸಿ, ಹಣ ಕೊಟ್ಟು ಕೊಂಡ ತೆಳುವನ್ನು ಮರೆಮಾಡಿಬಿಡುತ್ತಾರೆ. ಕವರು ಹಾಕುವುದು ಬುದ್ಧಿವಂತಿಕೆಯೇ. ಹಾಕಲೇಬೇಕೆಂದಿದ್ದರೆ ತೆಳುವಿಗೆ ಹಣ ಕೊಟ್ಟುದೇಕೆಂಬುದು ನಮ್ಮ ಪ್ರಶ್ನೆ.

ಬಾಗುವುದಕ್ಕಿಂತ ನಮ್ಮ ಮನೆಗಳಲ್ಲಿ ಹೆಚ್ಚಾಗಿ ನಡೆಯುವುದು ಬೀಳುವುದು. ಷರ್ಟಿನ ಎದೆಯ ಜೇಬು ಇಷ್ಟುದ್ದದ ಹಲಗೆಗಾಗಿ ಹೊಲಿದುದಲ್ಲ. ನಲ್ಲಿಯ ಮುಂದೆ ಬಗ್ಗಿದೊಡನೆ ಜಾರಿ ಕಲ್ಲಿನ ಮೇಲೆ ಬೀಳುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಂಡು ರುಬ್ಬುವ ಕಡೆಗೆ ಹೋಗುವವರ ಫೋನಿಗೂ ಅದೇ ಗತಿ. ಗಾಜಿನ ವಿಷಯದಲ್ಲಿ ತಿಳಿಯತಕ್ಕ ಗುಟ್ಟೊಂದುಂಟು. ಈ ಗಾಜನ್ನು ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಅದ್ದಿಡುತ್ತಾರೆ. ಗಾಜಿನ ಮೇಲ್ಪದರದಲ್ಲಿದ್ದ ಚಿಕ್ಕ ಸೋಡಿಯಂ ಕಣಗಳು ಹೊರಬಿದ್ದು ಅವುಗಳ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಕಣಗಳು ಇಡಿಕಿರಿದು ಕೂಡುತ್ತವೆ. ಜಾತ್ರೆಯ ಜನರಂತೆ ಒಂದನ್ನೊಂದು ಒತ್ತಿಕೊಂಡಿರುವ ಆ ಪದರವು ಬಿರುಕನ್ನು ಬಾಯಿ ತೆರೆಯಗೊಡುವುದಿಲ್ಲ. ಆದರೆ ಪದರವು ಬಹು ತೆಳುವಾದುದು. ಅದನ್ನು ದಾಟುವಂತೆ ಒಂದು ಗೀರು ಬಿದ್ದರೆ ಸಾಕು, ಮುಂದಿನ ಸಣ್ಣ ಬೀಳಿಗೂ ಗಾಜು ಅಲ್ಲಿಂದಲೇ ಒಡೆಯುತ್ತದೆ. ಇಂಥ ಗೀರನ್ನು ಹಾಕುವುದು ಜನರು ಅಂಜುವಂತೆ ನಾಣ್ಯವಲ್ಲ, ಬೀಗದ ಕೈಯೂ ಅಲ್ಲ. ಅವು ಗಾಜಿಗಿಂತ ಮೆತು. ಮರಳು ಗಾಜಿಗಿಂತ ಗಡಸು. ಆದುದರಿಂದ ಜೇಬಿನ ಮೂಲೆಯ ಧೂಳನ್ನೂ ಕೈಚೀಲದ ತಳದ ಮಣ್ಣನ್ನೂ ಆಗಾಗ್ಗೆ ಕೊಡವಬೇಕು. ಹೊಲಗದ್ದೆಗಳಿಂದ ಬಂದ ಮೇಲೆ ಫೋನನ್ನು ಸೆರಗಿನಿಂದ ತಿಕ್ಕಿ ಒರಸದೆ, ಮೊದಲು ಧೂಳನ್ನು ಊದಿ ತೆಗೆಯಬೇಕು.

ನೀರಿನ ಸಂಗತಿಯನ್ನು ಎರಡೇ ಮಾತಿನಲ್ಲಿ ಹೇಳಬಹುದು. ಐಪಿ68 ಎಂಬ ಮುದ್ರೆಯು ಹೊಸ ಫೋನನ್ನು ಶುದ್ಧ ನೀರಿನಲ್ಲಿ ಪರೀಕ್ಷಿಸಿ ಕೊಟ್ಟುದು. ಬಿದ್ದು, ಬಾಗಿ, ಅಂಚು ಸಡಿಲವಾದ ಫೋನಿಗೆ ಆ ಭರವಸೆಯಿಲ್ಲ. ನೆನೆದ ಫೋನನ್ನು ಅಕ್ಕಿಯ ಡಬ್ಬದಲ್ಲಿ ಹೂಳುವುದರಿಂದ ಒಳಗೆ ಹಿಟ್ಟು ಸೇರುವುದಲ್ಲದೆ ಬೇರೆ ಪ್ರಯೋಜನವಿಲ್ಲ. ಒರಸಿ, ಗಾಳಿಯಾಡುವಲ್ಲಿ ಇಟ್ಟು, ಒಣಗುವವರೆಗೆ ಚಾರ್ಜಿಗೆ ಹಾಕದಿರುವುದೇ ಮೇಲು.

ಫೋನು ಬಾಗಿದೆಯೋ ಎಂಬ ಸಂದೇಹವುಂಟಾದರೆ ಅದನ್ನು ಕವರಿನಿಂದ ತೆಗೆದು, ಒರಸಿದ ಕನ್ನಡಿಯ ಮೇಲೆ ಮುಖ ಕೆಳಗಾಗಿ ಇಟ್ಟು, ಮೂಲೆಗಳನ್ನು ಒಂದೊಂದಾಗಿ ಮೆಲ್ಲನೆ ಮುಟ್ಟಿ ನೋಡಬಹುದು. ಸಮವಾಗಿದ್ದರೆ ಅಲುಗದು. ಅಲುಗಿದರೆ, ಸೊಟ್ಟ ಸೌಟನ್ನು ನೆಟ್ಟಗೆ ಮಾಡುವಂತೆ ಮೊಣಕಾಲಿನ ಮೇಲಿಟ್ಟು ಅದುಮಬಾರದು. ಒಳಗಿರುವ ಬ್ಯಾಟರಿಯ ಪದರಗಳು ಒಂದಕ್ಕೊಂದು ತಗುಲಿದರೆ ಬೆಂಕಿ ಹತ್ತುವುದುಂಟು. ಪರದೆಯಾಗಲಿ ಬೆನ್ನಾಗಲಿ ತಾನಾಗಿಯೇ ಉಬ್ಬಿ ಮೇಲೆದ್ದಿದ್ದರೆ ಅದು ಬ್ಯಾಟರಿಯು ಊದಿಕೊಂಡ ಗುರುತು. ಆ ಕೂಡಲೆ ಚಾರ್ಜು ಮಾಡುವುದನ್ನು ನಿಲ್ಲಿಸಿ, ದಿಂಬಿನ ಬಳಿಯಿಂದ ದೂರವಿರಿಸಿ, ರಿಪೇರಿಯವರಲ್ಲಿಗೆ ಒಯ್ಯಬೇಕು. ಕಸದ ಬುಟ್ಟಿಗೆ ಎಸೆಯಕೂಡದು.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು ಎರಡು: ಹೊಸ ಡಿಸ್‌ಪ್ಲೇ ಹಾಕಿಸಲು ಎಷ್ಟು, ಹೊಸ ಬ್ಯಾಟರಿ ಹಾಕಿಸಲು ಎಷ್ಟು. ಅಂಗಡಿಯವನಿಗೆ ಉತ್ತರ ತಿಳಿಯದಿದ್ದರೆ ತಿಳಿದು ಹೇಳುವವರೆಗೆ ಕಾದರೂ ನಷ್ಟವಿಲ್ಲ. ಯೂರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ, ಮಾರುಕಟ್ಟೆಗೆ ಬರುವ ಫೋನು ಬೀಳುವುದನ್ನು ಎಷ್ಟರಮಟ್ಟಿಗೆ ತಡೆದುಕೊಳ್ಳುತ್ತದೆ, ರಿಪೇರಿಗೆ ಎಷ್ಟು ಸುಲಭ ಎಂಬುದನ್ನು ಚೀಟಿಯ ಮೇಲೆ ದರ್ಜೆ ಹಾಕಿ ತೋರಿಸಬೇಕೆಂದು ಕಟ್ಟಳೆಯಾಗಿದೆ. ಬ್ಯಾಟರಿಯು 800 ಸರದಿ ಚಾರ್ಜಾದ ಮೇಲೂ ಮೊದಲಿನ ಶಕ್ತಿಯಲ್ಲಿ 100ಕ್ಕೆ 80 ಪಾಲನ್ನು ಉಳಿಸಿಕೊಂಡಿರಬೇಕೆಂಬುದೂ ಅಲ್ಲಿನ ನಿಯಮ. ಇಂಥ ಚೀಟಿಯು ನಮ್ಮ ಅಂಗಡಿಗಳಲ್ಲಿಯೂ ಕಾಣುವಂತಾದರೆ ಬೋಗುಣಿಯ ಕಂಠವನ್ನು ಒತ್ತಿ ನೋಡುವ ಹೆಬ್ಬೆರಳಿಗೆ ಇಲ್ಲಿಯೂ ಕೆಲಸ ಸಿಕ್ಕೀತು.

ಕಡೆಯದಾಗಿ ಮತ್ತೊಂದು ಸಂಗತಿ. ನಮ್ಮ ಮನೆಗಳಲ್ಲಿ ಮಗನು ಹೊಸ ಫೋನು ಕೊಂಡರೆ ಹಳೆಯದು ತಂದೆಗೋ ಅತ್ತೆಗೋ ಹೋಗುವುದು ವಾಡಿಕೆ. ಮೂರು ವರ್ಷ ಜೇಬಿನಲ್ಲಿ ಬಾಗಿ, ಹತ್ತು ಸಲ ಬಿದ್ದು, ಬ್ಯಾಟರಿ ಮುದಿಯಾದ ಫೋನು, ರಾತ್ರಿ ಎದೆನೋವು ಬಂದರೆ ಅದೊಂದನ್ನೇ ನಂಬಿರುವವರ ಕೈ ಸೇರುತ್ತದೆ. ಕೊಡುವ ಮೊದಲು ಅದಕ್ಕೆ ಹೊಸ ಬ್ಯಾಟರಿಯನ್ನು ಹಾಕಿಸಿ, ಪರದೆಯ ನಾಲ್ಕು ಅಂಚುಗಳೂ ಸ್ಪರ್ಶಕ್ಕೆ ಉತ್ತರ ಕೊಡುತ್ತವೆಯೇ ಎಂದು ನೋಡಿ, ಒಂದು ವಾರ ತಾವೇ ಬಳಸಿ ಅನಂತರ ಕೊಡತಕ್ಕದ್ದು.