ಲೋಡರಿನ ಬಕೆಟ್ಟು ಓರೆಯಾದರೆ ಮೊದಲು ಅಳತೆ, ಆಮೇಲೆ ದುರಸ್ತಿ

ಧಾರವಾಡ ಜಿಲ್ಲೆಯ ಒಕ್ಕಲುತನದಲ್ಲಿ ಟ್ರ್ಯಾಕ್ಟರು ಈಗ ಹೊಸ ವಸ್ತುವಲ್ಲ. ಅದರ ಮುಂಭಾಗಕ್ಕೆ ಜೋಡಿಸುವ ಲೋಡರು ತಿಪ್ಪೆಯ ಗೊಬ್ಬರವನ್ನು ಟ್ರೇಲರಿಗೆ ತುಂಬುವದಕ್ಕೂ, ಕೆರೆಯ ಹೂಳನ್ನು ಎತ್ತುವದಕ್ಕೂ, ಕೃಷಿ ಹೊಂಡದ ಮಣ್ಣನ್ನು ಒಡ್ಡಿಗೆ ಹಾಕುವದಕ್ಕೂ ಉಪಯೋಗವಾಗುತ್ತಿರುವದು. ಆದರೆ ಈ ಯಂತ್ರಕ್ಕೆ ಬರುವ ಒಂದು ಸಾಮಾನ್ಯ ದೋಷದ ವಿಷಯದಲ್ಲಿ ನಮ್ಮಲ್ಲಿ ಬಿದ್ದಿರುವ ರೂಢಿಯು ಒಳ್ಳೆಯದಲ್ಲವೆಂದು ಹೇಳಬೇಕಾಗಿದೆ. ಬಕೆಟ್ಟಿನ ಒಂದು ಮೂಲೆಯು ನೆಲಕ್ಕೆ ತಗಲಿದಾಗ ಇನ್ನೊಂದು ಮೂಲೆಯು ಎರಡು ಮೂರು ಬೆರಳು ಮೇಲೆಯೇ ನಿಲ್ಲುವದೇ ಆ ದೋಷವು. ಇದು ಕಂಡೊಡನೆ ಯಜಮಾನನು ಚಾಲಕನನ್ನು ದೂರುತ್ತಾನೆ. ಚಾಲಕನು ಸಿಲಿಂಡರನ್ನು ದೂರುತ್ತಾನೆ. ಗ್ಯಾರೇಜಿನವನು ತೋಳನ್ನು ಕಾಯಿಸಿ ಬಡಿದು ನೆಟ್ಟಗೆ ಮಾಡಿಕೊಡುವೆನೆನ್ನುತ್ತಾನೆ. ಯಂತ್ರವು ಬಾಡಿಗೆಗೆ ಹೋಗಿ ಬಂದದ್ದಾದರೆ ವ್ಯಾಜ್ಯವು ಊರ ಹಿರಿಯರ ಮುಂದೆ ಬರುತ್ತದೆ. ಇಷ್ಟೆಲ್ಲ ನಡೆದರೂ ಅಳತೆಯ ಪಟ್ಟಿಯನ್ನು ಮಾತ್ರ ಯಾರೂ ಕೈಗೆ ತೆಗೆದುಕೊಂಡಿರುವದಿಲ್ಲ.

ಈ ಓರೆಯು ಅಲ್ಪವೆಂದು ಉದಾಸೀನ ಮಾಡತಕ್ಕದ್ದಲ್ಲ. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯ ಇಳಿಜಾರು ಬಲು ಸ್ವಲ್ಪ. ಅಂಥ ಹೊಲವನ್ನು ಓರೆಯಾದ ಬಕೆಟ್ಟಿನಿಂದ ಸಮ ಮಾಡಹೋದರೆ ಹೋದ ದಾರಿಯಲ್ಲೆಲ್ಲ ಒಂದು ಮಗ್ಗುಲಿಗೆ ಗೀರು ಬೀಳುತ್ತದೆ. ಮಳೆಯ ನೀರು ಆ ಗೀರಿನಲ್ಲಿ ನಿಲ್ಲುತ್ತದೆ, ಇಲ್ಲವೆ ಅದನ್ನೇ ಹಾದಿಮಾಡಿಕೊಂಡು ಮಣ್ಣನ್ನು ಕೊಚ್ಚಿಕೊಂಡು ಹಳ್ಳಕ್ಕೆ ಹೋಗುತ್ತದೆ. ಕಡಲೆಯಾಗಲಿ, ಕುಂದಗೋಳ ಸೀಮೆಯ ಮೆಣಸಿನಕಾಯಿಯಾಗಲಿ ಬುಡದಲ್ಲಿ ನಿಂತ ನೀರನ್ನು ಸಹಿಸಲಾರವು. ಕಲಘಟಗಿಯ ಭತ್ತದ ಗದ್ದೆಯಲ್ಲಿ ಒಂದು ಕಡೆಗೆ ನೀರು ಹೆಚ್ಚಾಗಿ ಇನ್ನೊಂದು ಕಡೆಗೆ ನೆಲ ಒಣಗುತ್ತದೆ. ಯಂತ್ರದ ದೋಷವು ಹೀಗೆ ಭೂಮಿಯ ದೋಷವಾಗಿ ಉಳಿಯುತ್ತದೆ.

ಹೆಚ್ಚಿನ ಜನರು ಮೊದಲು ಸಿಲಿಂಡರಿನ ಮೇಲೆ ಸಂಶಯಪಡುವರು. ಇದು ಬಹುಶಃ ತಪ್ಪು. ಎಡಬಲದ ಎರಡೂ ಎತ್ತುವ ಸಿಲಿಂಡರುಗಳಿಗೆ ಎಣ್ಣೆಯು ಒಂದೇ ವಾಲ್ವಿನಿಂದ ಹಂಚಿ ಹೋಗುವದರಿಂದ ಅವುಗಳಲ್ಲಿಯ ಒತ್ತಡವು ಸಮನಾಗಿಯೇ ಇರುವದು. ಮೇಲಾಗಿ ಎರಡೂ ತೋಳುಗಳನ್ನು ದಪ್ಪನ್ನ ಅಡ್ಡ ಕೊಳವೆಯೊಂದು ಬಿಗಿದು ಹಿಡಿದಿರುತ್ತದೆ. ಆದುದರಿಂದ ಒಂದು ಸಿಲಿಂಡರಿನ ಒಳಗಿನ ಸೀಲು ಸವೆದರೆ ಇಡೀ ಬಕೆಟ್ಟು ಮೆಲ್ಲಗೆ ಕೆಳಗಿಳಿಯುವದೇ ಹೊರತು ಒಂದೇ ಮೂಲೆ ಇಳಿಯುವದಿಲ್ಲ. ಸಿಲಿಂಡರಿನ ದಂಡವೇ ಬಗ್ಗಿದ್ದರೆ ಮಾತು ಬೇರೆ. ಅದು ಕಣ್ಣಿಗೆ ಕಾಣುವಂಥದು. ಕುಂಟೆಯು ಒಂದು ಮಗ್ಗುಲಿಗೆ ಆಳ ಹೋದರೆ ಒಕ್ಕಲಿಗನು ಎತ್ತನ್ನು ಬೈಯುವದಕ್ಕೆ ಮುಂಚೆ ಅಲಗನ್ನೂ ಅದರ ಬಿಗಿತವನ್ನೂ ನೋಡುತ್ತಾನಲ್ಲವೆ? ಆ ವಿವೇಕವನ್ನೇ ಇಲ್ಲಿಯೂ ಉಪಯೋಗಿಸತಕ್ಕದ್ದು.

ಪರೀಕ್ಷೆಯನ್ನು ನೆಲದಿಂದ ಮೇಲಕ್ಕೆ ಕ್ರಮವಾಗಿ ಮಾಡತಕ್ಕದ್ದು. ಟ್ರ್ಯಾಕ್ಟರನ್ನು ಸಮನಾದ ಕಾಂಕ್ರೀಟು ನೆಲದ ಮೇಲೆ ನಿಲ್ಲಿಸಿ, ನೆಲವು ಸಮನಾಗಿರುವದೆಂಬುದನ್ನು ಗೌಂಡಿಗಳ ರಸಮಟ್ಟದಿಂದಾಗಲಿ ನೀರು ತುಂಬಿದ ನಳಿಕೆಯಿಂದಾಗಲಿ ಖಾತ್ರಿಮಾಡಿಕೊಳ್ಳಬೇಕು. ಟಾಯರುಗಳಲ್ಲಿಯ ಗಾಳಿಯನ್ನು ಕಂಪನಿಯ ಪುಸ್ತಕದಲ್ಲಿ ಹೇಳಿದಷ್ಟಕ್ಕೆ ತರಬೇಕು. ಇಲ್ಲಿ ಹಿಂದಿನ ಗಾಲಿಗಳೇ ಮುಖ್ಯವೆಂಬುದನ್ನು ಮರೆಯಬಾರದು; ಯಾತಕ್ಕೆಂದರೆ ಮುಂದಿನ ಆಕ್ಸಲ್ಲು ನಡುವಿನ ಒಂದು ಪಿನ್ನಿನ ಮೇಲೆ ತೂಗಾಡುವಂಥದಾಗಿದ್ದು, ಟ್ರ್ಯಾಕ್ಟರಿನ ಮೈಯ ಓರೆಯನ್ನು ಹಿಂದಿನ ಗಾಲಿಗಳೇ ನಿಶ್ಚಯಿಸುವವು. ಆಮೇಲೆ ಬಕೆಟ್ಟನ್ನು ಒಂದು ಗೇಣು ಎತ್ತಿ, ಎಂಜಿನನ್ನು ನಿಲ್ಲಿಸಿ, ಕೈಕಾಲುಗಳನ್ನು ಅದರ ಕೆಳಗೆ ಒಡ್ಡದೆ, ನಾಲ್ಕು ಸ್ಥಳಗಳಲ್ಲಿ ಎಡಬಲದ ಎತ್ತರವನ್ನು ಅಳೆದು ಬರೆದುಕೊಳ್ಳಬೇಕು: ಹಿಂದಿನ ಆಕ್ಸಲ್ಲು, ಲೋಡರಿನ ಕಂಬಗಳಲ್ಲಿ ತೋಳು ಕೂಡುವ ಪಿನ್ನುಗಳು, ತೋಳಿಗೆ ಬಕೆಟ್ಟು ಕೂಡುವ ಪಿನ್ನುಗಳು, ಕಡೆಗೆ ಬಕೆಟ್ಟಿನ ಅಂಚು.

ವ್ಯತ್ಯಾಸವು ಮೊದಲು ಎಲ್ಲಿ ಕಾಣುವದೋ ಅಲ್ಲಿಯೇ ದೋಷದ ಮೂಲವನ್ನು ಹುಡುಕಬೇಕು. ಆಕ್ಸಲ್ಲಿನಲ್ಲಿಯೇ ಕಂಡರೆ ಟಾಯರಿನ ಸವಕಳಿಯೂ ಗಾಳಿಯೂ ಕಾರಣ. ಆಕ್ಸಲ್ಲು ಸಮನಾಗಿದ್ದು ಕಂಬದಲ್ಲಿ ಕಂಡರೆ ಲೋಡರಿನ ಚೌಕಟ್ಟಿನ ಬೋಲ್ಟುಗಳು ಸಡಿಲಾಗಿರಬಹುದು, ಇಲ್ಲವೆ ಚೌಕಟ್ಟು ಬಿರಿತಿರಬಹುದು. ಕಂಬದವರೆಗೆ ಸಮನಾಗಿದ್ದು ಬಕೆಟ್ಟಿನ ಪಿನ್ನುಗಳಲ್ಲಿ ಕಂಡರೆ ತೋಳು ತಿರುಚಿದೆ, ಅಥವಾ ಪಿನ್ನು ಬುಶ್ಶುಗಳು ಸವೆದಿವೆ. ಇವೆರಡರ ಭೇದವನ್ನು ತಿಳಿಯಲು ಬಕೆಟ್ಟನ್ನು ನೆಲಕ್ಕೆ ಇಳಿಸಿ, ಹಾರೆಯಿಂದ ಪಿನ್ನಿನ ಬಳಿಯಲ್ಲಿ ಮೀಟಿ ನೋಡಬೇಕು. ಅಲುಗಾಡಿದರೆ ಸವಕಳಿಯೇ ಸರಿ. ಖಾಲಿಯಿದ್ದಾಗಲೂ ತುಂಬಿದಾಗಲೂ, ಎಲ್ಲ ಎತ್ತರಗಳಲ್ಲಿಯೂ ಓರೆಯು ಒಂದೇ ಸಮನಾಗಿದ್ದರೆ ತೋಳು ಬಗ್ಗಿದೆಯೆಂದು ತಿಳಿಯಬಹುದು. ಅಂಚಿನಲ್ಲಿ ಮಾತ್ರ ಕಂಡರೆ ಬಕೆಟ್ಟಿನ ಅಲಗು ಒಂದು ಕಡೆಗೆ ಸವೆದಿರುವದು ಅಥವಾ ಬಕೆಟ್ಟೇ ತಿರುಚಿರುವದು. ಅಲಗು ಸವೆದಿದ್ದರೆ ಅದನ್ನಷ್ಟೇ ಬದಲಿಸಿದರೆ ಸಾಕು.

ಬಗ್ಗಿದ ತೋಳನ್ನು ಬೆಂಕಿಯಲ್ಲಿ ಕಾಯಿಸಿ ಬಡಿಯುವ ಪದ್ಧತಿಯನ್ನು ನಾವು ಒಪ್ಪಲಾರೆವು. ಮಿತಿ ತಪ್ಪಿ ಕಾಯಿಸಿದ ಉಕ್ಕು ತನ್ನ ಬಲವನ್ನು ಕಳೆದುಕೊಂಡು ಭಾರ ಹೊತ್ತಾಗ ಮುರಿಯುವ ಸಂಭವವಿದೆ. ಸವೆದ ಪಿನ್ನನ್ನು ತೋಳಿಗೆ ವೆಲ್ಡಿಂಗ್ ಮಾಡಿ ಕೂಡಿಸುವದೂ ಅಂಥದೇ ಅವಿವೇಕವು. ಎತ್ತಿದ ಬಕೆಟ್ಟಿನ ಕೆಳಗೆ ಎಷ್ಟೇ ಅವಸರವಿದ್ದರೂ ಯಾರೂ ಹೋಗಕೂಡದು. ಎಣ್ಣೆಯ ಕೊಳವೆ ಒಡೆದರೆ ಬಕೆಟ್ಟು ಒಮ್ಮೆಲೆ ಬೀಳುವದು. ಕೊಳವೆಯನ್ನು ಬಿಚ್ಚುವದಕ್ಕೆ ಮುಂಚೆ ಬಕೆಟ್ಟನ್ನು ನೆಲಕ್ಕೆ ಇಳಿಸಿ, ಎಂಜಿನನ್ನು ನಿಲ್ಲಿಸಿ, ಹಿಡಿಕೆಯನ್ನು ಅತ್ತಿತ್ತ ಆಡಿಸಿ ಒತ್ತಡವನ್ನು ಇಳಿಸಬೇಕು. ಎಣ್ಣೆ ಚಿಮ್ಮುವ ಸ್ಥಳವನ್ನು ಕೈಯಿಂದ ಹುಡುಕದೆ ರಟ್ಟಿನ ತುಂಡನ್ನು ಹಿಡಿದು ಹುಡುಕಬೇಕು. ಆ ಸಣ್ಣ ಧಾರೆಯು ಚರ್ಮವನ್ನು ತೂರಿ ಒಳಗೆ ಹೋಗುವಷ್ಟು ಬಲವುಳ್ಳದ್ದು.

ಇನ್ನು ನ್ಯಾಯದ ಮಾತು. ಬೊಡ್ಡೆಗೋ ಬಂಡೆಗೋ ಒಂದೇ ಮೂಲೆಯನ್ನು ಕೊಟ್ಟು ನೂಕುವದರಿಂದ ತೋಳು ತಿರುಚುತ್ತದೆ. ಅದು ನಡೆಸಿದವನ ತಪ್ಪೆನ್ನಬಹುದು. ಆದರೆ ಗ್ರೀಸು ತಂದುಕೊಡದೆ ಪಿನ್ನುಗಳು ಸವೆದರೆ ತಪ್ಪು ಯಜಮಾನನದು. ಹಲವು ವರ್ಷದ ಸವಕಳಿಯನ್ನು ಒಂದು ದಿನದ ಬಾಡಿಗೆಗೆ ಒಯ್ದವನ ತಲೆಯ ಮೇಲೆ ಹೊರಿಸುವದು ಅನ್ಯಾಯವೇ ಸರಿ. ಅಳತೆಯಿಲ್ಲದೆ ಚಾಲಕನ ಸಂಬಳವನ್ನು ಮುರಿದುಕೊಳ್ಳುವವರು ಒಳ್ಳೆಯ ಚಾಲಕರನ್ನೂ ಕಳೆದುಕೊಳ್ಳುವರು.

ಆದುದರಿಂದ ಗ್ರಾಮದ ಹಿರಿಯರಲ್ಲಿಯೂ ಜಮೀನುದಾರರಲ್ಲಿಯೂ ನಮ್ಮ ಸೂಚನೆಗಳು ಮೂರು. ಒಂದು, ಊರಿನಲ್ಲಿ ಸಮನಾದ ಕಾಂಕ್ರೀಟು ನೆಲವೊಂದನ್ನು ಗೊತ್ತುಮಾಡಿ ಅಲ್ಲಿ ಯಂತ್ರಗಳನ್ನು ಅಳೆಯುವ ರೂಢಿಯನ್ನು ಹಾಕಬೇಕು. ಎರಡು, ಲೋಡರನ್ನು ಬಾಡಿಗೆಗೆ ಕೊಡುವಾಗಲೂ ಮರಳಿ ಪಡೆಯುವಾಗಲೂ ನಾಲ್ಕು ಸ್ಥಳಗಳ ಅಳತೆಯನ್ನು ವಹಿಯಲ್ಲಿ ಬರೆದು ಉಭಯತರೂ ಸಹಿ ಮಾಡಬೇಕು. ಕರ್ನಾಟಕದಲ್ಲಿ 2014-15ರಿಂದ ಕೃಷಿ ಯಂತ್ರಧಾರೆ ಕೇಂದ್ರಗಳು ಆರಂಭವಾಗಿ ಬಾಡಿಗೆಯ ಯಂತ್ರಗಳ ಬಳಕೆ ಬೆಳೆದಿರುವದರಿಂದ ಇದರ ಅವಶ್ಯಕತೆಯು ಹೆಚ್ಚಿದೆ. ಮೂರು, ಧಾರವಾಡದಲ್ಲಿ 1986ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾಲಯದವರು ನಡೆಸುವ ಕೃಷಿ ಮೇಳಕ್ಕೆ ಹೋಗುವಾಗ ಯಜಮಾನರು ತಮ್ಮ ಚಾಲಕರನ್ನೂ ಕರೆದುಕೊಂಡು ಹೋಗಿ, ಯಂತ್ರಗಳ ಮುಂದೆ ನಿಂತು ಪ್ರಶ್ನೆ ಕೇಳಲು ಅವರಿಗೆ ಎಡೆಗೊಡಬೇಕು. ಒಂದು ಅಳತೆಪಟ್ಟಿಯ ಬೆಲೆಯು ಒಂದು ಸಿಲಿಂಡರಿನ ಬೆಲೆಯ ಮುಂದೆ ಏನೂ ಅಲ್ಲ. ಮುಂಗಾರಿಗೆ ಮುಂಚೆಯೇ ಈ ಕೆಲಸವನ್ನು ಮಾಡಿ ಮುಗಿಸುವದು ಲೇಸು.