ವಿದ್ಯುತ್ ಚಿಕಿತ್ಸೆ: ಭಯ ಮತ್ತು ದೂರ

‘ತಲೆಗೆ ಕರೆಂಟ್ ಕೊಡಿಸುತ್ತೇವೆ’ ಎಂಬುದು ನಮ್ಮಲ್ಲಿ ಇಂದಿಗೂ ಬೆದರಿಕೆಯ ಮಾತು. ತೀವ್ರ ಮನೋರೋಗಗಳಿಗೆ ನೀಡುವ ವಿದ್ಯುತ್ ಕಂಪನ ಚಿಕಿತ್ಸೆಯ, ಅಂದರೆ ಇಸಿಟಿಯ ಬಗ್ಗೆ ವಿದ್ಯಾವಂತರ ತಿಳಿವಳಿಕೆಯೂ ಬಹುಮಟ್ಟಿಗೆ ಇಷ್ಟೇ. ನಾನೂ ಇದಕ್ಕೆ ಹೊರತಾಗಿರಲಿಲ್ಲ.

1996ರಲ್ಲಿ ನಾನು ತುಮಕೂರಿನಲ್ಲಿ ಸರ್ಕಾರಿ ಸೇವೆಯಲ್ಲಿದ್ದೆ. ಗುಬ್ಬಿ ಸಮೀಪದ ಹಳ್ಳಿಯಲ್ಲಿದ್ದ ನನ್ನ ಅಕ್ಕ ಮೊದಲು ಮಾತು ಬಿಟ್ಟಳು, ಬಳಿಕ ಊಟ ಬಿಟ್ಟಳು. ಮಾತ್ರೆಗಳಿಂದ ಫಲ ಕಾಣದಿದ್ದಾಗ ಬೆಂಗಳೂರಿನ ವೈದ್ಯರು ಇಸಿಟಿಯನ್ನು ಸೂಚಿಸಿದರು. ‘ಓದಿರೋರು ನೀವು, ನೀವು ಹೇಳಿದಂಗೆ ಮಾಡಾಣ’ ಎಂದರು ಭಾವ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ್ದ ನಾನು ಈ ವಿಷಯದಲ್ಲಿ ಒಂದು ಪುಟವನ್ನೂ ಓದದೆ ‘ಬೇಡ’ ಎಂದೆ. ಎರಡು ತಿಂಗಳ ಬಳಿಕ ಆಕೆ ನೀರನ್ನೂ ನಿರಾಕರಿಸಿದಾಗ ನಮ್ಮ ಮುಂದೆ ಬೇರೆ ದಾರಿ ಉಳಿದಿರಲಿಲ್ಲ. ನಾಲ್ಕನೆಯ ಸಲದ ಚಿಕಿತ್ಸೆಯ ಮರುದಿನ ಅಕ್ಕ ತಾನಾಗಿಯೇ ಕಾಫಿ ಕೇಳಿದಳು. ಆದರೆ ಮಗನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಆಕೆಯ ನೆನಪಿಗೆ ಮರಳಲೇ ಇಲ್ಲ. ಲಾಭ, ನಷ್ಟ ಎರಡನ್ನೂ ಹೇಳುವುದು ನ್ಯಾಯ.

ಒಂದು ಮನೆಯ ಅನುಭವ ಪುರಾವೆಯಾಗದು. ಪುರಾವೆಗಾಗಿ ಸಂಶೋಧನೆಯತ್ತ ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ಖಿನ್ನತೆಯಿಂದ ಆಸ್ಪತ್ರೆ ಸೇರಿದ್ದ 45 ಮಂದಿಯನ್ನು 15 ಮಂದಿಯ ಮೂರು ಗುಂಪುಗಳಾಗಿ ವಿಂಗಡಿಸಿ, ನಾಲ್ಕು ವಾರಗಳ ಕಾಲ ಒಂದಕ್ಕೆ ಇಸಿಟಿ, ಇನ್ನೊಂದಕ್ಕೆ ಇಮಿಪ್ರಮಿನ್ ಮಾತ್ರೆ, ಮತ್ತೊಂದಕ್ಕೆ ಸುದರ್ಶನ ಕ್ರಿಯಾ ಯೋಗ ನೀಡಲಾಯಿತು. ರೋಗಲಕ್ಷಣಗಳಿಂದ ಹೊರಬಂದವರ ಪ್ರಮಾಣ ಕ್ರಮವಾಗಿ ಶೇ 93, ಶೇ 73 ಮತ್ತು ಶೇ 67. ಸಂಖ್ಯೆ ಚಿಕ್ಕದು, ನಿಜ. ಆದರೆ 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಸಮಗ್ರ ಪರಾಮರ್ಶೆಯೂ ಇದೇ ದಿಕ್ಕಿನಲ್ಲಿದೆ. ವಿದ್ಯುತ್ ಹರಿಸದೆ ಕೇವಲ ಅರಿವಳಿಕೆ ನೀಡಿದವರಿಗಿಂತ ನಿಜವಾದ ಚಿಕಿತ್ಸೆ ಪಡೆದವರು ಹೆಚ್ಚು ಸುಧಾರಿಸಿದರೆಂದು 6 ಪ್ರಯೋಗಗಳ 256 ರೋಗಿಗಳ ಅಂಕಿಅಂಶಗಳು ಹೇಳಿದವು. ಔಷಧಗಳೊಂದಿಗೆ ಹೋಲಿಸಿದ 18 ಪ್ರಯೋಗಗಳಲ್ಲಿಯೂ ಇಸಿಟಿಯದೇ ಮೇಲುಗೈ.

ಇದರ ಮಿತಿಗಳನ್ನು ತೋರಿಸಿಕೊಟ್ಟಿರುವುದೂ ಸಂಶೋಧನೆಯೇ. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಸಿಟಿಯಿಂದ ಗುಣವಾದ ನಂತರ ಬರಿಯ ಹುಸಿಮಾತ್ರೆ ಪಡೆದವರ ಪೈಕಿ ಶೇ 84ರಷ್ಟು ಮಂದಿಗೆ ಆರು ತಿಂಗಳೊಳಗೆ ರೋಗ ಮರುಕಳಿಸಿತು. ಎರಡು ಔಷಧಗಳನ್ನು ಒಟ್ಟಿಗೆ ಮುಂದುವರಿಸಿದವರಲ್ಲಿ ಈ ಪ್ರಮಾಣ ಶೇ 39. ಚಿಕಿತ್ಸೆಯ ಆಸುಪಾಸಿನ ದಿನಗಳ ಮರೆವು ಸಾಮಾನ್ಯ. ಕೆಲವರಲ್ಲಿ ಹಳೆಯ ನೆನಪುಗಳೂ ಶಾಶ್ವತವಾಗಿ ಅಳಿಸಿಹೋಗುವುದುಂಟು. ಇವನ್ನು ರೋಗಿಗೂ ಮನೆಯವರಿಗೂ ಮುಚ್ಚುಮರೆಯಿಲ್ಲದೆ ತಿಳಿಸಬೇಕು.

ಜನರ ಭಯವೂ ನಿರಾಧಾರವಲ್ಲ. 1938ರಲ್ಲಿ ರೋಮ್ ನಗರದಲ್ಲಿ ಆರಂಭವಾದ ಈ ಚಿಕಿತ್ಸೆಯನ್ನು ಹಿಂದೆ ಅರಿವಳಿಕೆಯಿಲ್ಲದೆ ನೀಡುತ್ತಿದ್ದರು. ಸೆಳೆತದ ರಭಸಕ್ಕೆ ಮೂಳೆ ಮುರಿಯುತ್ತಿದ್ದುದೂ ಉಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ ಇಸಿಟಿ ನೀಡುವುದನ್ನು ನಿಷೇಧಿಸಿತು. ಅಪ್ರಾಪ್ತರಿಗಾದರೆ ಪೋಷಕರ ಒಪ್ಪಿಗೆಯ ಜೊತೆಗೆ ಪರಿಶೀಲನಾ ಮಂಡಳಿಯ ಪೂರ್ವಾನುಮತಿಯೂ ಕಡ್ಡಾಯ. ಇದು ಸ್ವಾಗತಾರ್ಹ.

ಆದರೆ ಆಡಳಿತದ ಅನುಭವವುಳ್ಳ ಯಾರಿಗೂ ಮುಂದಿನ ಪ್ರಶ್ನೆ ಹೊಳೆಯದೆ ಇರದು. ಅರಿವಳಿಕೆ ಕಡ್ಡಾಯವೆಂದಮೇಲೆ ಅರಿವಳಿಕೆ ತಜ್ಞರು ಎಲ್ಲಿದ್ದಾರೆ? ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಅವರ ಸಮಯಕ್ಕೆ ಹೆರಿಗೆ, ಅಪಘಾತ, ಶಸ್ತ್ರಚಿಕಿತ್ಸೆಗಳು ಪೈಪೋಟಿ ನಡೆಸುತ್ತವೆ. ಮೌನವಾಗಿ ಕುಳಿತ ಮನೋರೋಗಿಯ ಸರದಿ ಬರುವುದು ಕೊನೆಗೆ. ಹೀಗಾದರೆ ಕಾಯ್ದೆ ಕೊಟ್ಟ ರಕ್ಷಣೆಯೇ ಬಡವರ ಪಾಲಿಗೆ ಚಿಕಿತ್ಸೆಯ ನಿರಾಕರಣೆಯಾಗುತ್ತದೆ.

ಚಿಕಿತ್ಸೆ ಉಚಿತವಾದರೂ ಅದನ್ನು ಪಡೆಯುವುದು ಉಚಿತವಲ್ಲ. ವಾರಕ್ಕೆ ಎರಡು ಅಥವಾ ಮೂರು ಸಲದಂತೆ ಸಾಮಾನ್ಯವಾಗಿ 6ರಿಂದ 12 ಸಲ ಇಸಿಟಿ ಬೇಕಾಗುತ್ತದೆ. ಅರಿವಳಿಕೆಗಾಗಿ ಖಾಲಿ ಹೊಟ್ಟೆಯಲ್ಲಿರಬೇಕು. ಕುಣಿಗಲ್ ತಾಲ್ಲೂಕಿನ ಕೂಲಿಕಾರ್ಮಿಕ ಮಹಿಳೆಯೊಬ್ಬಳು ನಸುಕಿನಲ್ಲೇ ಬಸ್ಸು ಹತ್ತಿ ಸುಮಾರು 70 ಕಿ.ಮೀ. ದೂರದ ಬೆಂಗಳೂರು ತಲುಪಿ, ನಗರವನ್ನು ಹಾದು ಹೊಸೂರು ರಸ್ತೆಗೆ ಹೋಗಬೇಕು. ಜೊತೆಗೊಬ್ಬರು ಬೇಕು. ಹತ್ತು ಸಲವೆಂದರೆ ಇಬ್ಬರ ಇಪ್ಪತ್ತು ದಿನಗಳ ಕೂಲಿ ಹೋಯಿತು. ಮೂರನೆಯ ಸಲಕ್ಕೇ ಬರುವುದನ್ನು ನಿಲ್ಲಿಸಿದವರನ್ನು ನಾವು ‘ಅಜ್ಞಾನಿಗಳು’ ಎನ್ನುತ್ತೇವೆ. ಅವರು ಮಾಡಿದ್ದು ಲೆಕ್ಕಾಚಾರ.

ಪರಿಹಾರ ಕಷ್ಟವೇನಲ್ಲ. ನಮ್ಮದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡವು ಸ್ಕಿಜೋಫ್ರೇನಿಯಾ ರೋಗಿಗಳನ್ನು ಗುರುತಿಸಿ, ಸ್ಥಳೀಯವಾಗಿಯೇ ಚಿಕಿತ್ಸೆ ನೀಡಿ ಅಧ್ಯಯನ ನಡೆಸಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ದೊರಕಿಸಲು ರಾಜ್ಯ ಸರ್ಕಾರ 2014ರಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮವನ್ನು ಆರಂಭಿಸಿತು. ಇದರ ಮುಂದುವರಿಕೆಯಾಗಿ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ವಾರದ ಎರಡು ಬೆಳಗಿನ ಹೊತ್ತು ಅರಿವಳಿಕೆ ತಜ್ಞರೊಬ್ಬರನ್ನು ಇಸಿಟಿಗೆಂದೇ ಮೀಸಲಿಡಬೇಕು. ಗುಬ್ಬಿ, ಕುಣಿಗಲ್‌ನಂತಹ ತಾಲ್ಲೂಕು ಆಸ್ಪತ್ರೆಗಳು ರೋಗಿಗಳನ್ನು ಅಲ್ಲಿಗೆ ಕಳಿಸಿ, ಅನಂತರದ ಔಷಧ ತಪ್ಪದಂತೆ ನೋಡಿಕೊಳ್ಳಬೇಕು. ರೋಗಿಗೂ ಜೊತೆಗಾರರಿಗೂ ಬಸ್ ಚಾರ್ಜು ನೀಡಬೇಕು. ಒಪ್ಪಿಗೆ ಪತ್ರ ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿರಬೇಕು. ಮರೆವಿನ ಸಾಧ್ಯತೆ ಅದರ ಮೊದಲ ಸಾಲುಗಳಲ್ಲೇ ಇರಬೇಕು.

ಈ ಚಿಕಿತ್ಸೆ ಎಲ್ಲ ಮನೋರೋಗಿಗಳಿಗೂ ಅಲ್ಲ. ಬೇಡವೆನ್ನುವ ಹಕ್ಕೂ ರೋಗಿಗಿದೆ. ಆದರೆ ಆ ನಿರಾಕರಣೆ ತಿಳಿದು ಮಾಡಿದ್ದಾಗಿರಬೇಕೇ ಹೊರತು ಭಯದಿಂದಲೋ ಬಸ್ ಚಾರ್ಜಿಲ್ಲದೆಯೋ ಆಗಬಾರದು. ನಾನು ಅಂದು ತಿಳಿಯದೆ ಬೇಡವೆಂದೆ. ಅಕ್ಕ ಆ ಎರಡು ತಿಂಗಳನ್ನು ಮರೆತಿದ್ದಾಳೆ, ನಾನು ಮರೆತಿಲ್ಲ.